ಕರಿಹಲಗೆಯಲ್ಲಿ ಅಂಕ ಬರೆದಿಟ್ಟರೆ...

ಹತ್ತನೇ ತರಗತಿಯ ಮಕ್ಕಳಿಗೋಸ್ಕರ ನಾವು ನಾಲ್ಕೈದು ಮಂದಿ ಅಧ್ಯಾಪಕರು ಸೇರಿ ಒಂದು ಪ್ರಶ್ನೆಪತ್ರಿಕೆಯ ತಾಣ ನಡೆಸುತ್ತಿದ್ದೇವೆ. ಅಂಗಡಿಯಲ್ಲಿ ಕನ್ನಡದ ಗೈಡು ಸಿಕ್ಕಿದರೂ ಅದು ಕರ್ನಾಟಕದ ಪಠ್ಯಕ್ಕೆ ಬರೆದದ್ದು, ನಮ್ಮ ಕೇರಳದ ಪಠ್ಯಕ್ಕೆ ಹೊಂದುವುದಿಲ್ಲ. ಮಲಯಾಳದಲ್ಲಿ ರಾಶಿ ರಾಶಿ ಸಿಗುತ್ತದೆ, ನಮ್ಮ ಮಕ್ಕಳಿಗೆ ನಾವೇ ಮಾಡಿಕೊಡಬೇಕು. ಹಾಗಾಗಿ ಈ ಉಸಾಬರಿ.

ಮಾದರಿ ಪರೀಕ್ಷೆಯ ಹಿಂದಿನ ರಾತ್ರಿ ಎಂಟೂವರೆ ಗಂಟೆಗೆ ಆ ತಾಣ ಮಲಗಿಬಿಟ್ಟಿತು. ತಾಣದಲ್ಲೇ ಉತ್ತರ ಬರೆದು ಅಭ್ಯಾಸ ಮಾಡುತ್ತಿದ್ದ ಮಕ್ಕಳೆಲ್ಲ ಒಮ್ಮೆಲೇ ಹೊರಬಿದ್ದರು. ಹತ್ತು ನಿಮಿಷದಲ್ಲಿ ತಾಣ ಎದ್ದಿತು. ಆದರೆ ಅರ್ಧ ಬರೆದಿಟ್ಟ ಉತ್ತರಗಳು ಏಳಲಿಲ್ಲ. "ಮಾಷ್ಟ್ರೇ, ನಾನು ಹದಿನೆಂಟು ಪ್ರಶ್ನೆ ಬರೆದಿದ್ದೆ" ಎಂದು ಒಬ್ಬಳು ಫೋನಿನಲ್ಲಿ ಅತ್ತೇಬಿಟ್ಟಳು. ತಪ್ಪು ಅವಳದ್ದಲ್ಲ, ಕರೆಂಟಿನದ್ದೂ ಅಲ್ಲ. ಪೂರ್ತಿ ನಮ್ಮದು.

ಮರುದಿನ ಸ್ಟಾಫ್ ರೂಮಿನಲ್ಲಿ ಒಬ್ಬರು ತೀರ್ಪು ಕೊಟ್ಟೇಬಿಟ್ಟರು: "ಎಲ್ಲ ಆ ಕಂಟೈನರಿನ ದೆಸೆಯಿಂದ. ಕ್ಯಾಶ್ ಸರ್ವರನ್ನು ಅದರೊಳಗೆ ಹಾಕಲೇಬಾರದಿತ್ತು." ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಹೇಳಲಿಕ್ಕೇ ಈ ಬರಹ. ನಮ್ಮ ಹಾಗೆ ಶಾಲೆಗೆಂದು ಸಣ್ಣ ಸರ್ವರು ಇಟ್ಟುಕೊಂಡವರು ಬೇರೆಯವರೂ ಇದ್ದಾರೆ, ಅವರಿಗೂ ಉಪಯೋಗವಾದೀತು.

ಮೊದಲು ವಿಷಯ ಏನೆಂದು ನೋಡೋಣ. ಡೇಟಾಬೇಸ್ ಎಂದರೆ ಆಫೀಸಿನ ಕಪಾಟು. ಪ್ರತಿ ಸಲ ಬೀಗ ತೆಗೆದು, ರಿಜಿಸ್ಟರು ಹುಡುಕಿ, ಪುಟ ಮಗುಚಬೇಕು. ಕ್ಯಾಶ್ ಎಂದರೆ ತರಗತಿಯ ಕರಿಹಲಗೆ. ನೂರು ಸಲ ಕೇಳುವುದನ್ನು ಒಮ್ಮೆ ಬರೆದಿಟ್ಟರೆ ಎಲ್ಲರೂ ನೋಡಿಕೊಳ್ಳುತ್ತಾರೆ. ಜಾಗ ಮುಗಿದರೆ ಬಹಳ ಹೊತ್ತಿನಿಂದ ಯಾರೂ ನೋಡದ್ದನ್ನು ಒರೆಸಿ ಹೊಸತು ಬರೆಯುವುದು. ನಾವು ಬಳಸುವ ಮೆಮ್‌ಕ್ಯಾಶ್ಡ್ ಇಂಥ ಕರಿಹಲಗೆ. ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬವರು 2003ರಲ್ಲಿ ತಮ್ಮ ಲೈವ್‌ಜರ್ನಲ್ ತಾಣದ ಭಾರ ತಗ್ಗಿಸಲಿಕ್ಕೆ ಮಾಡಿದ್ದು. ಎಲ್ಲವೂ ರ‍್ಯಾಮಿನಲ್ಲೇ ಇರುವುದರಿಂದ ವೇಗ ಜಾಸ್ತಿ, ನಿಂತರೆ ಎಲ್ಲವೂ ಮಾಯ.

ಕಂಟೈನರ್ ಎಂದರೆ? ನಮ್ಮ ಹಳೆಯ ಶಾಲೆಗಳಲ್ಲಿ ಒಂದೇ ಹಾಲಿಗೆ ನಡುವೆ ತಟ್ಟಿ ಇಟ್ಟು ಎರಡು ತರಗತಿ ಮಾಡುತ್ತಿದ್ದರಲ್ಲ, ಅದೇ. ಮಾಡು ಒಂದೇ, ನೆಲ ಒಂದೇ, ಹೆಡ್‌ಮಾಷ್ಟ್ರೂ ಒಬ್ಬರೇ. ಇಲ್ಲಿ ಹೆಡ್‌ಮಾಷ್ಟ್ರೆಂದರೆ ಲಿನಕ್ಸಿನ ಕರ್ನೆಲ್. ತಟ್ಟಿ ಇಟ್ಟ ಮಾತ್ರಕ್ಕೆ ಪಾಠ ನಿಧಾನವಾಗುವುದಿಲ್ಲ. ಕಂಟೈನರಿನಲ್ಲಿ ಹಾಕಿದರೆ ಕ್ಯಾಶ್ ನಿಧಾನವಾಗುತ್ತದೆ ಎಂಬ ಭಯ ನಮ್ಮಂಥವರಿಗೆ ಬೇಡ. ಆದರೆ ಪ್ರತಿ ತರಗತಿಗೆ ಇಷ್ಟೇ ಜಾಗ ಎಂದು ಗೆರೆ ಎಳೆದ ಮೇಲೆ ದಾಟಿದವರನ್ನು ಕರ್ನೆಲ್ ಮುಲಾಜಿಲ್ಲದೆ ಹೊರಗೆ ಹಾಕುತ್ತದೆ.

ಆ ರಾತ್ರಿ ಆದದ್ದು ಇದೇ. ಕಂಟೈನರಿಗೆ 256 ಎಂಬಿ ಮಿತಿ ಕೊಟ್ಟಿದ್ದೆವು. ಮೆಮ್‌ಕ್ಯಾಶ್ಡಿಗೂ 256 ಎಂಬಿ ಬಳಸು ಎಂದು ಹೇಳಿದ್ದೆವು. ಎರಡೂ ಒಂದೇ ಸಂಖ್ಯೆ, ನೋಡಲಿಕ್ಕೆ ಚಂದ! ಆದರೆ ಮೆಮ್‌ಕ್ಯಾಶ್ಡಿಗೆ ಹೇಳುವ ಸಂಖ್ಯೆ ಅದು ಇಟ್ಟುಕೊಳ್ಳುವ ಸರಕಿನ ಲೆಕ್ಕ ಮಾತ್ರ. ಬಂದ ಪ್ರತಿ ಸಂಪರ್ಕಕ್ಕೆ, ಸರಕು ಎಲ್ಲಿದೆಯೆಂಬ ಪಟ್ಟಿಗೆ, ಥ್ರೆಡ್ಡುಗಳಿಗೆ ಬೇಕಾದ ಜಾಗ ಅದರ ಮೇಲೆ. ಹಲಗೆ ತುಂಬುತ್ತಾ ಬಂದ ಹೊತ್ತಿಗೆ ಮಕ್ಕಳೂ ಒಟ್ಟಿಗೆ ಬಂದರು, ಗೆರೆ ದಾಟಿತು, ಕರ್ನೆಲ್ ಅದನ್ನು ಕೊಂದು ಹಾಕಿತು. ದಾಖಲೆಯಲ್ಲಿ 137 ಎಂಬ ಸಂಖ್ಯೆ ಬಿಟ್ಟು ಹೋಗಿತ್ತು. 128ಕ್ಕೆ 9 ಕೂಡಿಸಿದ್ದು, ಒಂಬತ್ತು ಎಂದರೆ 'ಕೊಲ್ಲು' ಎಂಬ ಸಂಕೇತ. ತಾನಾಗಿ ಪುನಃ ಎದ್ದಾಗ ಹಲಗೆ ಖಾಲಿ. ಎಲ್ಲರೂ ಒಮ್ಮೆಲೇ ಕಪಾಟಿಗೆ ಮುಗಿಬಿದ್ದರು, ಡೇಟಾಬೇಸೂ ಕುಸಿಯಿತು.

ಮದ್ದು ಸುಲಭ. ಹೊರಗಿನ ಮಿತಿ ಒಳಗಿನ ಮಿತಿಗಿಂತ ಧಾರಾಳ ದೊಡ್ಡದಿರಬೇಕು. ರೆಡಿಸ್ ಬಳಸುವವರು ಇನ್ನೂ ಜಾಗ್ರತೆ. 64 ಬಿಟ್ ಯಂತ್ರದಲ್ಲಿ ಅದಕ್ಕೆ ತಾನಾಗಿ ಯಾವ ಮಿತಿಯೂ ಇಲ್ಲ, ನಾವೇ ಹೇಳಬೇಕು. ಮಿತಿ ಹೇಳಿದರೂ ಹಳತನ್ನು ಒರೆಸು ಎಂದು ಬೇರೆಯಾಗಿ ಹೇಳದಿದ್ದರೆ, ತುಂಬಿದ ಮೇಲೆ ಹೊಸತು ಬರೆಯುವುದಿಲ್ಲ ಎಂದು ಹಟ ಹಿಡಿಯುತ್ತದೆ. ಡಿಸ್ಕಿಗೆ ಪ್ರತಿ ತೆಗೆಯುವ ಹೊತ್ತಿನಲ್ಲಿ ಮತ್ತಷ್ಟು ಮೆಮೊರಿ ಕೇಳುತ್ತದೆ.

ಆದರೆ 256 ಯಾಕೆ ಬೇಕಿತ್ತು? ಆಮೇಲೆ ಲೆಕ್ಕ ಹಾಕಿದೆ. ಯೂನಿಕೋಡಿನ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು. 'ಕನ್ನಡ' ಎಂಬ ಶಬ್ದಕ್ಕೇ ಐದು ಸಂಕೇತ, 15 ಬೈಟು. ಹಾಗಾಗಿ ಇಂಗ್ಲಿಷ್ ತಾಣದವರ ಲೆಕ್ಕ ನಮಗೆ ಆಗುವುದಿಲ್ಲ ಎಂದು ಕಣ್ಣುಮುಚ್ಚಿ ದೊಡ್ಡ ಸಂಖ್ಯೆ ಹಾಕಿದ್ದೆವು. ಆದರೂ ಒಂದು ಪ್ರಶ್ನೆಪತ್ರಿಕೆಯಲ್ಲಿ ಆರು ಸಾವಿರ ಸಂಕೇತ ಎಂದಿಟ್ಟುಕೊಳ್ಳಿ, 18 ಕೆಬಿ. ಪುಟದ ಅಲಂಕಾರ ಸೇರಿ 30 ಕೆಬಿ ಆಗಲಿ. 600 ಪತ್ರಿಕೆಗೆ 18 ಎಂಬಿ! ಮೆಮ್‌ಕ್ಯಾಶ್ಡ್ ತಾನಾಗಿ ಇಟ್ಟುಕೊಳ್ಳುವ 64 ಎಂಬಿಯೇ ನಮಗೆ ಬೇಕಾದಷ್ಟಾಯಿತು.

ಮತ್ತೆ ತುಂಬಿದ್ದು ಯಾವುದರಿಂದ? ಮಕ್ಕಳು ಹುಡುಕಿದ ಪ್ರತಿ ಶಬ್ದದ ಫಲಿತಾಂಶವನ್ನೂ ಅವಧಿಯಿಲ್ಲದೆ ಇಟ್ಟುಕೊಂಡಿದ್ದೆವು. ಅದರಲ್ಲೂ ಒಂದು ಕನ್ನಡದ್ದೇ ತಮಾಷೆ ಇದೆ. 'ಕೊಡಗು' ಎಂಬಲ್ಲಿನ 'ಕೊ' ಯೂನಿಕೋಡಿನಲ್ಲಿ ಎರಡು ರೀತಿ ಬರಬಹುದು. ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ ಮತ್ತು ಊತ್ವ ಎಂದು ಬಿಡಿಸಿಯೂ ಬರೆಯಬಹುದು. ಹಳೆಯ ಫಾಂಟಿನಿಂದ ಪರಿವರ್ತಿಸಿದ ಕಡತಗಳಲ್ಲಿ ಬಿಡಿಸಿದ ರೂಪ ಬರುವುದುಂಟು. ಕಣ್ಣಿಗೆ ಎರಡೂ ಒಂದೇ. ಕ್ಯಾಶಿಗೆ ಮಾತ್ರ ಎರಡು ಬೇರೆ ಬೇರೆ ಶಬ್ದ, ಎರಡು ಸಲ ಜಾಗ. ಜತೆಗೆ ಮೆಮ್‌ಕ್ಯಾಶ್ಡಿನಲ್ಲಿ ಸರಕಿಗೆ ಕೊಡುವ ಹೆಸರು 250 ಬೈಟು ಮೀರುವಂತಿಲ್ಲ. ಕನ್ನಡದಲ್ಲಾದರೆ 83 ಸಂಕೇತಕ್ಕೇ ಮುಗಿಯಿತು, ಪದಗಳ ನಡುವೆ ಜಾಗವೂ ಬಿಡುವಂತಿಲ್ಲ. ಎಲ್ಲ ರೂಪವನ್ನೂ ಮೊದಲು ಒಂದೇ ರೂಪಕ್ಕೆ ತಂದು, ಹೆಸರಿಗೆ ಬದಲು ಸಂಖ್ಯೆ ಕೊಡುವುದೇ ಕ್ಷೇಮ. ಇದನ್ನು ಇಂಗ್ಲಿಷಿನ ಪಾಠದಲ್ಲಿ ಯಾರೂ ನಮಗೆ ಹೇಳಿಕೊಡುವುದಿಲ್ಲ, ಯಾಕೆಂದರೆ ಅವರಿಗೆ ಆ ಕಷ್ಟವೇ ಇಲ್ಲ.

ಇನ್ನು ನಿಜವಾದ ಅಪರಾಧ. ಮಕ್ಕಳ ಅರ್ಧ ಬರೆದ ಉತ್ತರವನ್ನು ಕ್ಯಾಶಿನಲ್ಲಿ *ಮಾತ್ರ* ಇಟ್ಟದ್ದು. ಯಾವ ಅಧ್ಯಾಪಕರಾದರೂ ಮಕ್ಕಳ ಅಂಕವನ್ನು ಕರಿಹಲಗೆಯಲ್ಲಿ ಮಾತ್ರ ಬರೆದು ಮನೆಗೆ ಹೋಗುತ್ತಾರೆಯೇ? ಕಂಟೈನರ್ ಇಲ್ಲದಿದ್ದರೂ ಆ ಉತ್ತರಗಳು ಒಂದು ದಿನ ಹೋಗುವುದೇ ಇತ್ತು. ಹಲಗೆ ತುಂಬಿದಾಗ ಮೆಮ್‌ಕ್ಯಾಶ್ಡೇ ಒರೆಸುತ್ತಿತ್ತು. ಪುನಃ ಸಿಗದ ಒಂದಕ್ಷರವನ್ನೂ ಕ್ಯಾಶಿನಲ್ಲಿ ಇಡಬಾರದು. ಈಗ ಉತ್ತರಗಳೆಲ್ಲ ನೇರ ಡೇಟಾಬೇಸಿಗೆ ಹೋಗುತ್ತವೆ. ಸ್ವಲ್ಪ ನಿಧಾನ. ಇರಲಿ.

ಹಾಗಾದರೆ ಕಂಟೈನರ್ ಬೇಕೇ? ಒಂದೇ ಯಂತ್ರ, ಒಂದೇ ತಾಣ ಇರುವಲ್ಲಿ ನೇರವಾಗಿ ಹಾಕಿಕೊಂಡರೆ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ವೇಗದ ದೃಷ್ಟಿಯಿಂದ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ನಾವು ಅಧ್ಯಾಪಕರು, ನಮಗೆ ವರ್ಗಾವಣೆ ಇದೆ. ಈ ತಾಣವನ್ನು ಮೊದಲು ಕಟ್ಟಿದವರು ಎಲ್ಲವನ್ನೂ ಕೈಯಾರೆ ಮಾಡಿದ್ದರು. ಅವರು ವರ್ಗವಾಗಿ ಹೋದ ಮೇಲೆ ಯಾವುದು ಎಲ್ಲಿದೆ ಎಂದು ತಿಳಿಯಲು ನಮಗೆ ಎರಡು ತಿಂಗಳು ಬೇಕಾಯಿತು. ಈಗ ಯಾವ ಸಾಫ್ಟ್‌ವೇರು, ಯಾವ ಆವೃತ್ತಿ, ಎಷ್ಟು ಮೆಮೊರಿ ಎಂಬುದೆಲ್ಲ ಡಾಕರಿನ ಒಂದೇ ಕಡತದಲ್ಲಿದೆ. ಪಕ್ಕದಲ್ಲೇ ಕನ್ನಡದಲ್ಲಿ ಟಿಪ್ಪಣಿಯೂ ಇದೆ. 2013ರಲ್ಲಿ ಡಾಕರ್ ಹೊರಬಂದಾಗ ದೊಡ್ಡ ಕಂಪೆನಿಗಳಿಗೆ ಅದು ಏನಾಗಿ ಕಂಡಿತೋ, ನನಗಂತೂ ಅದು ಚಾರ್ಜ್ ವಹಿಸಿಕೊಡುವ ಪಟ್ಟಿ. ನಾಳೆ ನಾನು ಹೋದರೂ ಮಕ್ಕಳ ತಾಣ ನಿಲ್ಲಬಾರದು. ಕನ್ನಡ ಶಾಲೆಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಬರುವುದು ಎಷ್ಟು ತಡವೆಂದು ನಮಗೆಲ್ಲ ಗೊತ್ತು.

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾದೀತು. ಕ್ಯಾಶಿನ ಬಾಗಿಲನ್ನು ಊರಿಗೆಲ್ಲ ತೆರೆದಿಡಬೇಡಿ. 2018ರ ಫೆಬ್ರವರಿಯಲ್ಲಿ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್‌ನ ದಾಳಿ ನಡೆಯಿತು. ಅದಕ್ಕೆ ಬಳಸಿದ್ದು ಯಾರೋ ಅಜಾಗ್ರತೆಯಿಂದ ತೆರೆದಿಟ್ಟಿದ್ದ ಮೆಮ್‌ಕ್ಯಾಶ್ಡ್ ಸರ್ವರುಗಳನ್ನೇ. ಡಾಕರಿನಲ್ಲಿ 11211ರ ಪೋರ್ಟನ್ನು ಹೊರಗೆ ಪ್ರಕಟಿಸಿದರೆ ಉಬುಂಟುವಿನ ಫೈರ್‌ವಾಲ್ ತಡೆಯುತ್ತದೆಂದು ನಂಬಿ ಕೂರಬೇಡಿ. ಡಾಕರ್ ತನ್ನದೇ ನಿಯಮ ಬರೆದು ಅದನ್ನು ದಾಟಿ ಹೋಗುತ್ತದೆ. ಪ್ರಕಟಿಸುವ ಅಗತ್ಯವೂ ಇಲ್ಲ. ಒಂದೇ ಜಾಲದಲ್ಲಿರುವ ಕಂಟೈನರುಗಳು ಹೆಸರು ಹಿಡಿದೇ ಒಂದನ್ನೊಂದು ಕರೆಯುತ್ತವೆ.

ತಟ್ಟಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಗೆರೆ ಎಳೆದವರು ನಾವು, ಹಲಗೆಯನ್ನು ಕಪಾಟೆಂದು ತಿಳಿದವರೂ ನಾವೇ. ಆ ಹದಿನೆಂಟು ಉತ್ತರದ ಹುಡುಗಿಗೆ ಮರುದಿನ ಹೋಗಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಹಾಗಾದರೆ ಇನ್ನು ಮೇಲೆ ಹೋಗುವುದಿಲ್ಲ ಅಲ್ವಾ ಮಾಷ್ಟ್ರೇ?" ಎಂದಳು. ಇಲ್ಲ ಎಂದಿದ್ದೇನೆ. ಆ ಮಾತು ಉಳಿಸಿಕೊಳ್ಳಬೇಕು.