192.168.1.1: ಈ ನಂಬರ್ ಗೊತ್ತಾದರೆ ಹ್ಯಾಕರ್ ಮನೆ ಹುಡುಕಿಬಿಡುತ್ತಾನೆಯೇ?

ವೈಫೈ ಸೆಟ್ಟಿಂಗ್ಸ್‌ನಲ್ಲಿ 192.168 ಎಂದು ಶುರುವಾಗುವ ನಂಬರನ್ನು ಯಾರಿಗೂ ತೋರಿಸಬೇಡಿ, ಅದರಿಂದ ನಿಮ್ಮ ಮನೆ ಎಲ್ಲಿದೆ ಎಂದು ಗೊತ್ತಾಗುತ್ತದೆ ಎಂಬಂಥ ಎಚ್ಚರಿಕೆಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತವೆ. ರೂಟರ್‌ನಲ್ಲಿ ಆ ನಂಬರ್ ಬದಲಿಸಿದರೆ ನೆಟ್ ಸ್ಪೀಡ್ ಹೆಚ್ಚುತ್ತದೆ ಎನ್ನುವ 'ಟಿಪ್ಸ್' ಕೂಡ ಇವೆ. ಎರಡೂ ತಪ್ಪು. ಆದರೆ ಅದೇ ರೂಟರ್‌ನೊಳಗೆ ನಿಜಕ್ಕೂ ಹುಷಾರಾಗಿರಬೇಕಾದ ಜಾಗವೊಂದಿದೆ. ಫಾರ್ವರ್ಡ್‌ಗಳು ಅದರ ಸುದ್ದಿಗೇ ಹೋಗುವುದಿಲ್ಲ.

ಬೆಂಗಳೂರಿನಲ್ಲಿ ಯಾರಾದರೂ '1ನೇ ಮೇನ್, 3ನೇ ಕ್ರಾಸ್' ಎಂದಷ್ಟೇ ವಿಳಾಸ ಕೊಟ್ಟರೆ ಏನಾದೀತು? ಜಯನಗರದ್ದೋ ರಾಜಾಜಿನಗರದ್ದೋ ಗೊತ್ತಾಗದೆ ಅಂಚೆಯವರು ಕಾಗದ ವಾಪಸ್ ಕಳಿಸುತ್ತಾರೆ. 192.168.1.5 ಕೂಡ ಅಂಥದ್ದೇ. ಇಂಟರ್ನೆಟ್‌ನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಒಟ್ಟು ಇರುವುದು ಸುಮಾರು 429 ಕೋಟಿ ವಿಳಾಸ. ಜಗತ್ತಿನ ಎಲ್ಲ ಸಾಧನಗಳಿಗೂ ಅದು ಸಾಲದು. ಹಾಗಾಗಿ ಮನೆ, ಕಚೇರಿಯ ಒಳಗೆ ಯಾರು ಬೇಕಾದರೂ ಬಳಸಿಕೊಳ್ಳಲೆಂದು ಕೆಲವು ವಿಳಾಸಗಳನ್ನು ಬೇರೆಯಾಗಿ ತೆಗೆದಿಟ್ಟರು. 1996ರ ಆರ್‌ಎಫ್‌ಸಿ 1918 ಎಂಬ ದಾಖಲೆಯಲ್ಲಿ ಈ ಪಟ್ಟಿ ಇದೆ. 192.168.0.0ಯಿಂದ 192.168.255.255ರವರೆಗಿನ 65,536 ವಿಳಾಸಗಳು ಅದರಲ್ಲಿ ಸೇರಿವೆ. ಇವು ಮನೆಯ ಹೊಸ್ತಿಲು ದಾಟುವುದಿಲ್ಲ. ನಿಮ್ಮ ಫೋನಿಗೂ ಮಂಗಳೂರಿನಲ್ಲಿರುವ ನಿಮ್ಮ ಅಕ್ಕನ ಟಿವಿಗೂ ಒಂದೇ ನಂಬರ್ ಇದ್ದರೂ ತೊಂದರೆಯಿಲ್ಲ.

ಹೊರಗಿನ ವೆಬ್‌ಸೈಟ್‌ಗೆ ಕಾಣುವುದು ಇಂಟರ್ನೆಟ್ ಕಂಪನಿ ಕೊಟ್ಟ ಬೇರೆಯೇ ವಿಳಾಸ. ಅದರಿಂದಲೂ ಸಾಮಾನ್ಯವಾಗಿ ತಿಳಿಯುವುದು ಕಂಪನಿ ಯಾವುದು, ಹೆಚ್ಚುಕಡಿಮೆ ಯಾವ ಊರು ಎಂಬುದಷ್ಟೇ. ಯಾವ ಮನೆ ಎಂಬುದು ಕಂಪನಿಯ ದಾಖಲೆಯಲ್ಲಿರುತ್ತದೆ.

ಸ್ಪೀಡ್ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಮನೆಯ ಬಾಗಿಲ ನಂಬರ್ ಬದಲಿಸಿದರೆ ಎದುರಿನ ರಸ್ತೆ ಅಗಲವಾಗುವುದಿಲ್ಲ.

ಹಾಗಾದರೆ ಈ ನಂಬರ್ ಬದಲಿಸುವ ಸೌಲಭ್ಯವಾದರೂ ಯಾಕಿದೆ? ಒಳಕೋಣೆಗೆ ಸಿಗ್ನಲ್ ಬರುವುದಿಲ್ಲವೆಂದು ಕಂಪನಿಯ ಪೆಟ್ಟಿಗೆಗೆ ಇನ್ನೊಂದು ರೂಟರ್ ಜೋಡಿಸುತ್ತೇವೆ ಎನ್ನಿ. ಎರಡರ ವಿಳಾಸವೂ 192.168.1.1 ಆಗಿದ್ದರೆ ಯಾವ ಡೇಟಾ ಒಳಗಿನದು, ಯಾವುದು ಹೊರಗೆ ಹೋಗಬೇಕಾದದ್ದು ಎಂದು ಎರಡನೆಯ ರೂಟರ್‌ಗೆ ಗೊಂದಲವಾಗಿ ನೆಟ್ ನಿಲ್ಲಬಹುದು. ಕೆಲವು ರೂಟರ್‌ಗಳು ಇದನ್ನು ತಾವೇ ಪತ್ತೆ ಹಚ್ಚಿ ಸರಿಮಾಡಿಕೊಳ್ಳುತ್ತವೆ. ಇಲ್ಲದಿದ್ದರೆ ಎರಡನೆಯದರ 'ಲ್ಯಾನ್' ಪುಟದಲ್ಲಿ ವಿಳಾಸವನ್ನು 192.168.2.1 ಎಂದು ಬದಲಿಸಿ, ಸಬ್‌ನೆಟ್ ಮಾಸ್ಕ್ 255.255.255.0 ಇದ್ದಂತೆಯೇ ಬಿಟ್ಟರೆ ಸಾಕು. ಸೇವ್ ಮಾಡಿದ ಕೂಡಲೇ ಹಳೆಯ ಪುಟ ತೆರೆಯುವುದಿಲ್ಲ, ಗಾಬರಿಯಾಗಬೇಡಿ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಹೊಸ ನಂಬರ್ ಟೈಪ್ ಮಾಡಿ. ಕೈಯಾರೆ ವಿಳಾಸ ಕೊಟ್ಟಿದ್ದ ಪ್ರಿಂಟರ್, ಸಿಸಿಟಿವಿ ಆ ರೂಟರ್‌ನಲ್ಲಿದ್ದರೆ ಅವಕ್ಕೂ ಹೊಸದು ಕೊಡಬೇಕಾಗುತ್ತದೆ. 192.169 ಎಂದು ಮಾತ್ರ ಹಾಕಬೇಡಿ. ಅದು ಮನೆಬಳಕೆಗೆ ಬಿಟ್ಟ ವಿಳಾಸವಲ್ಲ.

ಈಗ ಹುಷಾರಾಗಿರಬೇಕಾದ ಜಾಗಕ್ಕೆ ಬರೋಣ. ವೈಫೈ ಪಾಸ್‌ವರ್ಡ್ ಬೇರೆ, ರೂಟರ್‌ನ ಸೆಟ್ಟಿಂಗ್ಸ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಬೇರೆ. ಮೊದಲನೆಯದನ್ನು ನೆಂಟರಿಗೂ ಹೇಳದೆ ಕಾಪಾಡುವವರು ಎರಡನೆಯದನ್ನು ಕಂಪನಿಯಿಂದ ಬಂದ 'ಅಡ್ಮಿನ್-ಅಡ್ಮಿನ್' ಆಗಿಯೇ ಬಿಟ್ಟಿರುತ್ತಾರೆ. ಒಳಹೊಕ್ಕವರು ಡಿಎನ್‌ಎಸ್ ಎಂಬ ಒಂದು ಸಾಲು ತಿದ್ದಿದರೂ ಸಾಕು. ವೆಬ್‌ಸೈಟ್‌ನ ಹೆಸರು ಕೊಟ್ಟರೆ ಅದರ ನಂಬರ್ ಹೇಳುವ ಫೋನ್ ಡೈರೆಕ್ಟರಿ ಅದು. ಡೈರೆಕ್ಟರಿಯೇ ಕಳ್ಳನದಾದರೆ ನೀವು ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಟೈಪ್ ಮಾಡಿದರೂ ನಕಲಿ ಪುಟ ಎದುರಾಗಬಹುದು. ಬ್ರೆಜಿಲ್‌ನಲ್ಲಿ 2011ರ ಹೊತ್ತಿಗೆ ನಡೆದದ್ದು ಇದೇ. ಅಲ್ಲಿ ಮೋಡೆಮ್‌ಗಳಲ್ಲಿದ್ದ ದೋಷವೊಂದನ್ನು ಬಳಸಿ, ಸುಮಾರು 45 ಲಕ್ಷ ಮೋಡೆಮ್‌ಗಳ ಡಿಎನ್‌ಎಸ್ ಬದಲಿಸಿ, ಜನರನ್ನು ನಕಲಿ ಪುಟಗಳತ್ತ ತಿರುಗಿಸಿದ್ದರು. ಈಗ ಬ್ರೌಸರ್‌ಗಳು ಇಂಥ ಪುಟಕ್ಕೆ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ತೋರಿಸುವುದುಂಟು. ಅದನ್ನು ದಾಟಿ ಮುಂದೆ ಒತ್ತುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ.

ಅಡ್ಮಿನ್ ಪಾಸ್‌ವರ್ಡ್ ಬದಲಿಸಲು ಐದು ನಿಮಿಷ ಸಾಕು. ರೂಟರ್‌ನ ಅಡಿ ಅಂಟಿಸಿರುವ ಚೀಟಿಯಲ್ಲಿ ವಿಳಾಸವಿರುತ್ತದೆ. ಅದನ್ನು ಸರ್ಚ್ ಮಾಡಿ ಬಂದ ಲಿಂಕ್ ಒತ್ತುವ ಬದಲು, ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ಅಂಕಿಗಳನ್ನೇ ಟೈಪ್ ಮಾಡಿ. ಪಾಸ್‌ವರ್ಡ್ ಬದಲಿಸಿ, 'ರಿಮೋಟ್ ಮ್ಯಾನೇಜ್‌ಮೆಂಟ್' ಎಂಬುದು ಆನ್ ಇದ್ದರೆ ಆಫ್ ಮಾಡಿ. ಕಂಪನಿಯವರೇ ದೂರದಿಂದ ನಿರ್ವಹಿಸುವ ಪೆಟ್ಟಿಗೆಯಾದರೆ ಮೊದಲು ಅವರನ್ನು ಕೇಳಿ. ಡಿಎನ್‌ಎಸ್ ಜಾಗದಲ್ಲಿ ನೀವು ಹಾಕದ ನಂಬರ್ ಕಂಡರೆ ಅದು ಕಂಪನಿಯದೇ ಎಂದು ಅವರ ಸಹಾಯವಾಣಿಯಲ್ಲಿ ವಿಚಾರಿಸಿ. ಯಾರದೋ ಫಾರ್ವರ್ಡ್ ನಂಬಿ ಹಿಂಬದಿಯ ರಿಸೆಟ್ ತೂತಿಗೆ ಪಿನ್ನು ಚುಚ್ಚಬೇಡಿ. ಕಂಪನಿ ಹಾಕಿಕೊಟ್ಟಿದ್ದ ಲಾಗಿನ್ ವಿವರವೂ ಅಳಿಸಿಹೋದರೆ, ಅವರ ಕಡೆಯವರು ಬಂದು ಸರಿಮಾಡುವವರೆಗೆ ಮನೆಯಲ್ಲಿ ನೆಟ್ ಇರುವುದಿಲ್ಲ.