ಬೇಸಿಗೆ ರಜೆ, ಮ್ಯೂಸಿಯಂ ಮತ್ತು ಕಾಳಿ ಅನ್ನೋ ನಾಯಿ

ಅಕ್ಕನ ಮಗನಿಗೆ ಬೇಸಿಗೆ ಶಿಬಿರ ಹುಡುಕೋ ಕೆಲಸ ಈ ಸಲ ನನ್ನ ತಲೆಗೆ ಬಿತ್ತು. "ನೀನು ಕಂಪ್ಯೂಟರ್‌ನವನಲ್ವಾ, ಯಾವ್ದು ಒಳ್ಳೇದು ನೋಡಿ ಹೇಳೋ" ಅಂತ ಅಕ್ಕನ ಆರ್ಡರ್. ನೋಡಿದೆ. ರೋಬಾಟಿಕ್ಸ್, ಅಬಾಕಸ್, ವೇದಗಣಿತ, ಈಜು, ಮತ್ತೆ ಎಲ್ಲಕ್ಕಿಂತ ದುಬಾರಿಯಾಗಿ ಕೋಡಿಂಗ್. ಹತ್ತು ಗಂಟೆ ಕೂತು ಕೋಡ್ ಬರೆದು ಬೆನ್ನುನೋವು ತಂದುಕೊಂಡಿರೋ ನಾನು, ಆರನೇ ಕ್ಲಾಸಿನ ಹುಡುಗನಿಗೆ ಮೇ ತಿಂಗಳಲ್ಲಿ ಅದನ್ನೇ ಮಾಡು ಅಂತ ಯಾವ ಬಾಯಲ್ಲಿ ಹೇಳಲಿ?

ಆ ಪಟ್ಟಿಯಲ್ಲಿ ನಾನು ಹುಡುಕಿದ್ದು ಬೇರೆ. ನಮ್ಮ ಊರು, ನಮ್ಮ ತಾಲ್ಲೂಕಿನ ಇತಿಹಾಸವನ್ನ ಮಕ್ಕಳ ಕೈಗೆ ಕೊಡೋ ಒಂದು ಶಿಬಿರ. ಒಂದೂ ಸಿಗಲಿಲ್ಲ. ನಾಟಕಕ್ಕೆ ಇದೆ, ಮೈಸೂರಿನ ರಂಗಾಯಣದ ಚಿಣ್ಣರ ಮೇಳದ ಹೆಸರು ಕೇಳದವರು ಕಡಿಮೆ. ಇತಿಹಾಸಕ್ಕೆ ಮಾತ್ರ ಏನೂ ಇಲ್ಲ. ತಮಾಷೆ ಏನಂದ್ರೆ, 1977ರಿಂದ ಪ್ರಪಂಚವೆಲ್ಲಾ ಆಚರಿಸೋ ಮ್ಯೂಸಿಯಂ ದಿನ ಬರೋದು ಮೇ 18ಕ್ಕೆ, ಸರಿಯಾಗಿ ನಮ್ಮ ಬೇಸಿಗೆ ರಜೆಯ ನಡುಮಧ್ಯೆ! ಮಕ್ಕಳಿಗೆ ಬಿಡುವು, ಮ್ಯೂಸಿಯಮ್ಮಿಗೂ ಬಿಡುವು. ಇಬ್ಬರಿಗೂ ಭೇಟಿಯೇ ಆಗಲ್ಲ.

ನನ್ನದೇ ಕತೆ ಹೇಳ್ತೀನಿ. 2008ರಲ್ಲಿ ಸ್ಕೂಲಿನಿಂದ ಬೆಂಗಳೂರಿಗೆ ಟೂರ್ ಬಂದಿದ್ವಿ. ಕಸ್ತೂರಬಾ ರಸ್ತೆಯಲ್ಲಿ ಎರಡು ಮ್ಯೂಸಿಯಂಗಳು ಅಕ್ಕಪಕ್ಕ ಇರೋದು ನಿಮಗೆ ಗೊತ್ತಲ್ಲ. ಒಂದು ವಿಶ್ವೇಶ್ವರಯ್ಯ ಮ್ಯೂಸಿಯಂ. ಅಲ್ಲಿ ಗುಂಡಿ ಒತ್ತಿದ್ರೆ ಚಕ್ರ ತಿರುಗುತ್ತೆ, ಕೈಪಿಡಿ ತಿರುಗಿಸಿದ್ರೆ ಬಲ್ಬು ಹತ್ತುತ್ತೆ. ಅಲ್ಲಿಂದ ನಮ್ಮನ್ನ ಎಬ್ಬಿಸೋಕೆ ಮೇಷ್ಟ್ರಿಗೆ ಸಾಕುಸಾಕಾಯ್ತು. ಇನ್ನೊಂದು ಪಕ್ಕದ ಕೆಂಪು ಕಟ್ಟಡ, ಸರ್ಕಾರಿ ವಸ್ತು ಸಂಗ್ರಹಾಲಯ. 1865ರಲ್ಲಿ ಶುರುವಾದದ್ದು, ಈಗಿನ ಕಟ್ಟಡ 1877ರದ್ದು. ಅಲ್ಲಿ ನಮಗೆ ಹೇಳಿದ್ದು ಎರಡೇ ಮಾತು. ಸಾಲಾಗಿ ನಡೀರಿ, ಏನೂ ಮುಟ್ಬೇಡಿ. ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದು ಕಬ್ಬನ್ ಪಾರ್ಕಿನಲ್ಲಿ ಚಿತ್ರಾನ್ನ ತಿಂದ್ವಿ. ನನಗೆ ನೆನಪಿರೋದು ಚಿತ್ರಾನ್ನ.

ಎಷ್ಟೋ ವರ್ಷ ಆದಮೇಲೆ, ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದಮೇಲೆ, ಯಾವುದೋ ಪುಸ್ತಕದಲ್ಲಿ ಆತಕೂರು ಶಾಸನದ ಬಗ್ಗೆ ಓದಿದೆ. ಆತಕೂರು ನಮ್ಮದೇ ಮದ್ದೂರು ತಾಲ್ಲೂಕು. ಕ್ರಿ.ಶ. 949-50ರ ಕಲ್ಲು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನ ಕೊಂದ. ಬೂತುಗನ ಕಡೆ ಕಾದಾಡಿದ ಮಣಲೆರ ಅನ್ನೋ ವೀರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಅಂದ್ರೆ ಅವನು ಕೇಳಿದ್ದು ಊರಲ್ಲ, ಚಿನ್ನವಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನ! ಆ ನಾಯಿ ಒಂದು ದಿನ ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಗುಡಿ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿಯ ಕಾಳಗದ ಚಿತ್ರವೂ ಇದೆ.

ಈ ಕಲ್ಲು ಇದ್ದದ್ದು ಅದೇ ಕೆಂಪು ಕಟ್ಟಡದಲ್ಲಿ. ನಾನು ಅದರ ಪಕ್ಕದಲ್ಲೇ ಸಾಲಾಗಿ, ಏನೂ ಮುಟ್ಟದೆ, ನಡೆದು ಹೋಗಿದ್ದೆ. ಹತ್ತು ವರ್ಷದ ಹುಡುಗನಿಗೆ ನಾಯಿ ಕತೆಗಿಂತ ಬೇರೆ ಏನು ಬೇಕಿತ್ತು ಹೇಳಿ? ಅದೂ ತನ್ನ ತಾಲ್ಲೂಕಿನ ನಾಯಿ!

ಇದನ್ನ ಓದಿದಾಗ ನನಗೆ ಇನ್ನೊಂದು ಕಲ್ಲು ನೆನಪಾಯ್ತು. ನಮ್ಮ ತಾತನ ಊರಲ್ಲಿ ಚರಂಡಿ ಮೇಲೆ ಒಂದು ಚಪ್ಪಡಿ ಹಾಸಿದ್ರು. ಅದರ ಒಂದು ಬದಿಯಲ್ಲಿ ಬಿಲ್ಲು ಹಿಡಿದ ಮನುಷ್ಯ, ಮೇಲೆ ಏನೋ ಗೀಚಿದಂತೆ ಅಕ್ಷರ. ರಜೆಯಲ್ಲಿ ಹೋದಾಗ ಅದರ ಮೇಲೆ ಕೂತು ಗೋಲಿ ಆಡ್ತಿದ್ವಿ. "ಅದು ಯಾರೋ ಬೇಡರವನು ಕಣೋ" ಅಂತ ಅಜ್ಜಿ ಏನೋ ಕತೆ ಶುರು ಮಾಡೋರು, ನಾವು ಓಡಿಹೋಗ್ತಿದ್ವಿ. 2019ರಲ್ಲಿ ಹೋಗಿ ನೋಡ್ತೀನಿ, ಅಲ್ಲಿ ಕಾಂಕ್ರೀಟ್ ಚರಂಡಿ. ಕಲ್ಲು ಎಲ್ಲಿ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಜೆಸಿಬಿಯವನು ತಳ್ಳಿರ್ಬೇಕು ಅಂದ್ರು. ಅಜ್ಜಿಯೂ ಇಲ್ಲ, ಕತೆಯೂ ಇಲ್ಲ.

ಜೆಸಿಬಿಯವನನ್ನ ಬೈಯೋದು ಸುಲಭ. ಆದ್ರೆ ಅದರ ಮೇಲೆ ಕೂತು ಗೋಲಿ ಆಡಿದ ನಾವು ಹತ್ತು ಹುಡುಗರಲ್ಲಿ ಒಬ್ಬನಿಗಾದ್ರೂ "ಇದು ವೀರಗಲ್ಲು" ಅಂತ ಯಾರಾದ್ರೂ ಒಂದು ಬೇಸಿಗೆಯಲ್ಲಿ ತೋರಿಸಿಕೊಟ್ಟಿದ್ರೆ? ಹೆಬ್ಬಾಳದ ಕಿತ್ತಯ್ಯನ ಶಾಸನ ನೋಡಿ. ಸುಮಾರು ಕ್ರಿ.ಶ. 750ರದ್ದು, 2018ರಲ್ಲಿ ನೆಲ ಅಗೆದಾಗ ಸಿಕ್ಕಿದ್ದು. ಏನು ಅಂತ ಗುರುತು ಹಿಡಿಯೋ ಜನ ಇದ್ದದ್ದಕ್ಕೆ ಉಳೀತು. ಇಲ್ಲದಿದ್ರೆ ಅದೂ ಯಾವುದೋ ಪಾಯಕ್ಕೆ ಹೋಗಿರೋದು.

ಕಳೆದ ವರ್ಷ ಒಂದು ಜಿಲ್ಲಾ ಮ್ಯೂಸಿಯಮ್ಮಿಗೆ (ಹೆಸರು ಬೇಡ) ಫೋನ್ ಮಾಡಿ, ಒಂದು ಭಾನುವಾರ ಹದಿನೈದು ಮಕ್ಕಳನ್ನ ಕರ್ಕೊಂಡು ಬರ್ತೀನಿ, ಅರ್ಧ ದಿನ ಚಟುವಟಿಕೆ ಮಾಡೋಣ್ವಾ ಅಂತ ಕೇಳಿದೆ. "ಮೇಲಿನಿಂದ ಲೆಟರ್ ಬೇಕು ಸಾರ್, ಮತ್ತೆ ಮಕ್ಕಳು ಅಂದ್ರೆ ಗಲಾಟೆ" ಅಂದ್ರು. ಅವರನ್ನೂ ಪೂರ್ತಿ ಬೈಯಲಾರೆ. ಇರೋದು ಇಬ್ಬರು, ಒಂದು ವಿಗ್ರಹದ ಮೂಗು ಮುರಿದ್ರೆ ಉತ್ತರ ಕೊಡ್ಬೇಕಾದೋರೂ ಅವರೇ. ಆದ್ರೆ ಗಲಾಟೆಯೇ ಇಲ್ಲದ ಮ್ಯೂಸಿಯಂ ಯಾರಿಗೆ ಬೇಕು?

ಸರಿ, ನಾವೇ ಹೋಗೋಣ ಅಂತ ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಏಳೂವರೆಗೆ ಅಕ್ಕನ ಅಪಾರ್ಟ್‌ಮೆಂಟಿನ ಎಂಟು ಮಕ್ಕಳ ಜೊತೆ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋದೆ. ದಾರಿಯಲ್ಲಿ ಕೇಳಿದೆ, ಬೆಂಗಳೂರಿಗೆ ಆ ಹೆಸರು ಹೇಗೆ ಬಂತು? "ಬೆಂದಕಾಳೂರು!" ಅಂತ ಎಂಟೂ ಗಂಟಲು. ವೀರಬಲ್ಲಾಳ, ಮುದುಕಿ, ಬೇಯಿಸಿದ ಕಾಳು, ಎಲ್ಲಾ ಗೊತ್ತು. ಅಲ್ಲಿ ಹೋಗಿ ಸುಮಾರು ಕ್ರಿ.ಶ. 890ರ ಕಲ್ಲು ತೋರಿಸಿದೆ. ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲು. ವೀರಬಲ್ಲಾಳನ ಕಾಲ ಹನ್ನೆರಡನೇ ಶತಮಾನದ ಕೊನೆ ಅಂತ ಹೇಳಿ ಸುಮ್ಮನಾದೆ. ಒಂದು ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿ, "ಅಂಕಲ್, ಹಾಗಾದ್ರೆ ಕಾಳು ಬೇಯೋಕೆ ಮುನ್ನೂರು ವರ್ಷ ಮೊದಲೇ ಹೆಸರು ಇತ್ತಾ?" ಅಂದ್ಲು. :-) ಇದಕ್ಕಿಂತ ಒಳ್ಳೆ ಇತಿಹಾಸ ಪಾಠ ನನಗೆ ಹನ್ನೆರಡು ವರ್ಷದ ಸ್ಕೂಲಲ್ಲಿ ಸಿಕ್ಕಿಲ್ಲ.

ಅಕ್ಷರ ಕಾಣ್ತಿಲ್ಲ ಅಂತ ಮೊದಲು ಗೊಣಗಿದ್ರು. ಮೊಬೈಲ್ ಟಾರ್ಚನ್ನ ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದ್ರೆ ತಗ್ಗಿನಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಬರುತ್ತೆ. ಸುಣ್ಣ, ಸೀಮೆಸುಣ್ಣ ಯಾವುದೂ ಬೇಡ. ದಯವಿಟ್ಟು ಹಾಕಲೂಬೇಡಿ, ಕಲ್ಲು ಹಾಳಾಗುತ್ತೆ. ವಾಪಸ್ ಬಂದು ಕಾಗದದ ಕೆಳಗೆ ನಾಣ್ಯ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ್ವಿ. ಶಾಸನದ ಪಡಿಯಚ್ಚಿನ ಬಡವರ ಆವೃತ್ತಿ ಅನ್ನಿ. ಒಬ್ಬ ಹುಡುಗನ ಅಜ್ಜಿ ಡಬ್ಬಿಯಿಂದ ಹಳೇ ಆಣೆ ತಂದುಕೊಟ್ರು. 1957ಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ, ಅರವತ್ನಾಲ್ಕು ಪೈಸೆ ಅಂತ ಹೇಳ್ತಾ, ಚಟಾಕು, ಪಾವು, ಸೇರು ಅಂತ ಅಡುಗೆಮನೆಯನ್ನೇ ಹಾಲ್‌ಗೆ ತಂದಿಟ್ರು. ನಾನು ಸುಮ್ಮನೆ ಕೂತು ಕೇಳಿದೆ.

ಖರ್ಚು? ಮಕ್ಕಳ ಇಡ್ಲಿ-ವಡೆ ಬಿಟ್ರೆ ಸೊನ್ನೆ.

ಇದನ್ನ ಆಫೀಸಲ್ಲಿ ಹೇಳಿದ್ರೆ ಗೆಳೆಯರ ಮೊದಲ ಮಾತು, "ಮಗಾ, ಇದಕ್ಕೊಂದು ಆ್ಯಪ್ ಮಾಡೋಣ". ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡಿಸೋ ದೊಡ್ಡ ಕೆಲಸ ಮಾಡಿದ್ದಾರೆ, ಅದು ಬೇಕೇ ಬೇಕು. ರೈಸ್ ಸಾಹೇಬರು 1905ರ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನ ಅಚ್ಚು ಹಾಕಿಸದೇ ಇದ್ದಿದ್ರೆ ಕಳೆದುಹೋದ ಕಲ್ಲುಗಳ ಪಾಠವೂ ನಮಗೆ ಸಿಗ್ತಿರಲಿಲ್ಲ. ಆದ್ರೆ ಮಕ್ಕಳಿಗೆ ಇನ್ನೊಂದು ಸ್ಕ್ರೀನ್ ಬೇಡ. ಮ್ಯೂಸಿಯಮ್ಮಿನ ಬಾಗಿಲು ಮೇ ತಿಂಗಳ ನಾಲ್ಕು ಭಾನುವಾರ ಬೆಳಗ್ಗೆ ಬೇಗ ತೆಗೀಲಿ, ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಕತೆ ಹೇಳಲಿ, ಊರಿನ ಅಜ್ಜಿಯರು ಬಂದು ಕೂರಲಿ. ಲೆಟರ್ ಯಾರಿಗೆ ಬರೀಬೇಕು ಅಂತ ಅವರೇ ಹೇಳಿದ್ರೆ ನಾನು ಬರೀತೀನಿ.

ಅಂದಹಾಗೆ, ಅಕ್ಕನ ಮಗ ಕೊನೆಗೆ ಈಜಿಗೆ ಸೇರಿದ. ಆದ್ರೆ ಮೊನ್ನೆ ಫೋನ್ ಮಾಡಿ, "ಮಾಮ, ಆ ಹಂದಿಗೂ ಒಂದು ಹೆಸರು ಇತ್ತಾ?" ಅಂತ ಕೇಳಿದ.