ಟ್ರ್ಯಾಕ್ಟರಿಗೆ ಸೌಂಡ್ ಕೂಡಿಸುವುದನ್ನು ನಾನು ಬಿಟ್ಟೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳದ ನನ್ನ ಅಂಗಡಿ ಮುಂದೆ ಟ್ರ್ಯಾಕ್ಟರ್‌ಗಳು ಬಂದು ನಿಲ್ಲುತ್ತವೆ. ಇಳಿದು ಬರುವವನಿಗೆ ಇಪ್ಪತ್ತೋ ಇಪ್ಪತ್ತೆರಡೋ ವಯಸ್ಸು. ಕೈಯಲ್ಲಿ ಮೊಬೈಲ್, ಅದರಲ್ಲಿ ಯಾರದೋ ಗಾಡಿಯ ವಿಡಿಯೊ. ‘ಅಣ್ಣಾರ, ಇದರಂಗ ಮಾಡಿಕೊಡ್ರಿ. ನಾಕು ಹಾರ್ನು, ಎರಡು ಬೇಸ್ ಬಾಕ್ಸು, ದೊಡ್ಡದೊಂದು ಆಂಪ್ಲಿಫೈಯರ್. ನಾವು ಬರೂದು ಮುಂದಿನ ಊರಿಗೆ ಗೊತ್ತಾಗಬೇಕ್ರಿ’ ಎನ್ನುತ್ತಾನೆ. ನಾನು ಆಗುವುದಿಲ್ಲ ಎನ್ನುತ್ತೇನೆ. ಅವನು ಗಾಡಿ ತಿರುಗಿಸಿಕೊಂಡು ಬೇರೆ ಅಂಗಡಿಗೆ ಹೋಗುತ್ತಾನೆ.

ನಾನು ಟ್ರ್ಯಾಕ್ಟರಿಗೆ ಸೌಂಡ್ ಕೂಡಿಸುವುದನ್ನು ನಿಲ್ಲಿಸಿ ಮೂರು ಹಂಗಾಮು ಕಳೆದವು. ಅದಕ್ಕೂ ಮೊದಲು ನನ್ನ ಕೈಯಿಂದಲೇ ಎಷ್ಟೋ ಗಾಡಿಗಳಿಗೆ ಕೂಡಿಸಿಕೊಟ್ಟಿದ್ದೇನೆ. ಹಾಗಾಗಿ ಈ ಮಾತು ಹೇಳುವ ಹಕ್ಕೂ ಇದೆ, ಋಣವೂ ಇದೆ: ಕಾರಿನಲ್ಲಿ ಹಾಡು ಕೇಳಿ, ಚೆನ್ನಾಗಿ ಕೇಳಿ. ದುಡಿಯುವ ಟ್ರ್ಯಾಕ್ಟರಿನ ಮೇಲೆ ಹಾಡು ಬೇಡ.

ನನಗೆ ಹಾಡಿನ ಮೇಲೆ ಸಿಟ್ಟಿಲ್ಲ. ಕ್ಯಾಸೆಟ್ ಕಾಲದಿಂದ ಇವತ್ತಿನ ಬ್ಲೂಟೂತ್ ಕಾಲದವರೆಗೆ ನನ್ನ ಮನೆ ನಡೆದದ್ದೇ ಕಾರಿನ ಹಾಡಿನಿಂದ. ಕಾರಿನವರು ಬಂದರೆ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡುತ್ತೇನೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ವ್ಯಾಟ್ ನಂಬಬೇಡಿ, ಆರ್‌ಎಂಎಸ್ ಎಷ್ಟಿದೆ ನೋಡಿ ಎನ್ನುತ್ತೇನೆ. ನಾಲ್ಕು ಸ್ಪೀಕರಿಗೆ ಐವತ್ತೈವತ್ತು ವ್ಯಾಟ್ ಎಂದು ಬರೆದ ಸ್ಟೀರಿಯೊ 12 ವೋಲ್ಟಿನ ಕಾರಿನಲ್ಲಿ ನಿಜವಾಗಿ ಕೊಡುವುದು ಒಂದೊಂದಕ್ಕೆ ಇಪ್ಪತ್ತರ ಆಸುಪಾಸು. ಅಷ್ಟೇ ಸಾಕು ಕೂಡ. ಆಂಪ್ಲಿಫೈಯರಿಗೆ ದುಡ್ಡು ಸುರಿಯುವ ಮೊದಲು ಸ್ಪೀಕರಿನ ಸೆನ್ಸಿಟಿವಿಟಿ ನೋಡಿ. 89 ಡೆಸಿಬಲ್‌ನದರ ಬದಲು 92ರದ್ದು ತಂದರೆ ಅದೇ ಸ್ಟೀರಿಯೊದ ಶಕ್ತಿ ಇಮ್ಮಡಿಯಾದಷ್ಟು ಫಲ. ಬಾಗಿಲಿನ ತಗಡಿನ ಒಳಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ, ಗಡಗಡ ನಿಲ್ಲುತ್ತದೆ. ತಾಮ್ರದ ವೈರೇ ಕೇಳಿ, ತಾಮ್ರದ ಬಣ್ಣದ ಅಲ್ಯೂಮಿನಿಯಂ ಬೇಡ. ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ವೈರ್ ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದ ದಿನ ಕಾರಿಗೆ ಬೆಂಕಿ. ಕೊನೆಗೆ, ನಿಮಗೆ ಇಷ್ಟವಾದ, ನೂರು ಸಲ ಕೇಳಿದ ಒಂದು ಹಾಡು ತನ್ನಿ. ಗಾಜು ಏರಿಸಿ, ಸಣ್ಣ ದನಿಯಲ್ಲಿ ಕೇಳಿ. ಸಣ್ಣ ದನಿಯಲ್ಲೂ ಮಾತು ಸ್ಪಷ್ಟವಾಗಿ ಕೇಳುವುದೇ ಒಳ್ಳೆಯ ಸೆಟ್ಟು.

ಕಾರಿಗೆ ಸಣ್ಣ ದನಿ ಸಾಕಾಗುವುದು ಕಾರು ಮುಚ್ಚಿದ ಡಬ್ಬಿ ಎಂಬ ಕಾರಣಕ್ಕೆ. ಟ್ರ್ಯಾಕ್ಟರಿಗೆ ಬಾಗಿಲೂ ಇಲ್ಲ, ಗಾಜೂ ಇಲ್ಲ. ಎಂಜಿನ್ ಡ್ರೈವರಿನ ಮೊಣಕಾಲಿನ ಮುಂದೆ, ಸೈಲೆನ್ಸರ್ ಕಣ್ಣೆದುರು. ಹೊರೆ ಎಳೆಯುವಾಗ ಆ ಸೀಟಿನಲ್ಲಿ ಸದ್ದು 90 ಡೆಸಿಬಲ್ ಮುಟ್ಟುವುದು, ದಾಟುವುದು ಸಾಮಾನ್ಯ. ದಿನಕ್ಕೆ ಎಂಟು ತಾಸು ದುಡಿಯುವವನ ಕಿವಿಗೆ 85 ಡೆಸಿಬಲ್ ಮಿತಿ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹೇಳುತ್ತದೆ. ಅಲ್ಲಿಂದ ಮೂರು ಡೆಸಿಬಲ್ ಏರಿದಂತೆಲ್ಲ ತಡೆಯಬಹುದಾದ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು. ಎಂಜಿನ್ ಸದ್ದು ಮೀರಿ ಹಾಡು ಕೇಳಬೇಕೆಂದರೆ ದನಿಯನ್ನು ನೂರರ ಹತ್ತಿರ ಒಯ್ಯಬೇಕು. ನೂರಕ್ಕೆ ಇರುವ ಮಿತಿ 15 ನಿಮಿಷ. ನಮ್ಮ ಹುಡುಗರು ಹೊಲದಿಂದ ಕಾರ್ಖಾನೆಯವರೆಗೆ, ವಾಪಸು ಬರುವಾಗಲೂ ರಾತ್ರಿಯಿಡೀ ಅದರೊಳಗೇ ಕೂತಿರುತ್ತಾರೆ. ಮೂವತ್ತು ದಾಟುವ ಮೊದಲೇ ‘ಏನಂದ್ರಿ?’ ಎಂದು ಎರಡು ಸಲ ಕೇಳುವ ಡ್ರೈವರ್‌ಗಳು ನನ್ನ ಗಿರಾಕಿಗಳಲ್ಲೇ ಇದ್ದಾರೆ.

ಆದರೆ ನಾನು ಈ ಕೆಲಸ ಬಿಟ್ಟದ್ದು ಡ್ರೈವರಿನ ಕಿವಿಗಾಗಿ ಅಲ್ಲ, ಇನ್ನೊಬ್ಬನ ಕೈಗಾಗಿ.

ನಮ್ಮ ಅಣ್ಣನ ಮಗನ ಟ್ರ್ಯಾಕ್ಟರಿಗೆ ಸೌಂಡ್ ಕೂಡಿಸಿದವನು ನಾನೇ. ಮನೆಯ ಗಾಡಿ ಎಂದು ಒಳ್ಳೆಯ ಮಾಲನ್ನೇ ಹಾಕಿದ್ದೆ. ಒಂದು ಸಂಜೆ ಕಣದಲ್ಲಿ ಗೋವಿನಜೋಳದ ಮಷಿನ್ ನಡೆದಿತ್ತು. ಟ್ರ್ಯಾಕ್ಟರಿನ ಹಿಂದಿನ ಪಿಟಿಒ ಶಾಫ್ಟಿನಿಂದ ಮಷಿನಿಗೆ ಓಟ. ಆ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಕಣ್ಣು ಮಿಟುಕಿಸಿ ತೆರೆಯುವ ಒಂದು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಮೇಲಿನ ಪ್ಲಾಸ್ಟಿಕ್ ಕವಚವನ್ನು ಗ್ರೀಸ್ ಹಚ್ಚಲೆಂದು ತೆಗೆದವರು ತಿರುಗಿ ಹಾಕಿರಲಿಲ್ಲ. ಕೂಲಿಗೆ ಬಂದಿದ್ದ ಒಬ್ಬ, ಸುತ್ತಿ ಬರುವುದು ದೂರವೆಂದು, ಶಾಫ್ಟ್ ದಾಟಲು ಕಾಲೆತ್ತಿದ. ಕೊರಳಲ್ಲಿ ಟವೆಲ್ ಇತ್ತು. ತೆನೆ ರಾಶಿಯ ಹತ್ತಿರವಿದ್ದ ಹೆಣ್ಣುಮಗಳು ನೋಡಿದಳು, ‘ಏ, ದಾಟಬ್ಯಾಡೋ’ ಎಂದು ಕೂಗಿದಳು. ಹಾಡು ಜೋರಾಗಿತ್ತು. ಅವನಿಗೆ ಕೇಳಲಿಲ್ಲ. ಟವೆಲಿನ ತುದಿ ಶಾಫ್ಟಿಗೆ ಸಿಕ್ಕಿತು. ಅದನ್ನು ಜಗ್ಗಲು ಹೋದ ಕೈಯನ್ನೂ ಅದು ಎಳೆದುಕೊಂಡಿತು. ಆಮೇಲೆ ಅವನು ಕೂಗಿದ್ದು ಸೀಟಿನ ಮೇಲಿದ್ದ ಹುಡುಗನಿಗೆ ಕೇಳಲಿಲ್ಲ. ಯಾರೋ ಓಡಿಬಂದು ಅವನ ತೋಳು ಹಿಡಿದು ಅಲುಗಿಸಿದ ಮೇಲೆ ಎಂಜಿನ್ ನಿಂತಿತು.

ಜೀವ ಉಳಿಯಿತು. ಬಲಗೈ ಮೊಣಕೈಯಿಂದ ಕೆಳಗೆ ಉಳಿಯಲಿಲ್ಲ.

ಶಾಫ್ಟಿಗೆ ಬಟ್ಟೆ ಸಿಕ್ಕಿದ ಮೇಲೆ ಯಾರ ಕಿವಿ ಎಷ್ಟು ಚುರುಕಾಗಿದ್ದರೂ ಹೊತ್ತು ಸಾಲದು, ಅದು ನನಗೆ ಗೊತ್ತು. ಕವಚ ಇದ್ದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ, ಅದೂ ಗೊತ್ತು. ನನ್ನನ್ನು ಇಂದಿಗೂ ಕಾಡುವುದು ಆ ಮೊದಲ ಕೂಗು. ಅದಕ್ಕೆ ಹೊತ್ತಿತ್ತು. ಅವನು ಕಾಲು ಹಿಂದಕ್ಕೆ ಇಡಬಹುದಿತ್ತು. ಆ ಕೂಗನ್ನು ನುಂಗಿದ್ದು ನಾನು ಕೂಡಿಸಿದ ಸ್ಪೀಕರ್.

ಟ್ರ್ಯಾಕ್ಟರ್ ಕಿವಿಯಿಂದಲೂ ನಡೆಸುವ ಗಾಡಿ. ನಮ್ಮ ಹಿರಿಯ ಡ್ರೈವರ್‌ಗಳನ್ನು ಕೇಳಿ ನೋಡಿ. ಎಂಜಿನ್ ತಿಣುಕುವುದರಿಂದ ಹೊರೆ ಹೆಚ್ಚಾದದ್ದು ಗೊತ್ತಾಗುತ್ತದೆ. ಕುಂಯ್‌ಗುಡುವ ಸದ್ದಿನಿಂದ ಬೇರಿಂಗ್ ಹೋಗುತ್ತಿರುವುದು, ಹಿಂದಿನ ಖಣಖಣದಿಂದ ಹುಕ್ಕಿನ ಪಿನ್ನು ಸಡಿಲಾದದ್ದು ತಿಳಿಯುತ್ತದೆ. ಹಿಂದೆ ಎರಡು ಟ್ರೈಲರ್ ತುಂಬ ಕಬ್ಬು ಇರುವಾಗ ಕನ್ನಡಿಯಲ್ಲಿ ಕಾಣುವುದು ಬರೀ ಕಬ್ಬು. ಓವರ್‌ಟೇಕ್ ಮಾಡಲು ಬರುವ ಬೈಕಿನವನ ಬಗ್ಗೆ ಡ್ರೈವರಿಗೆ ತಿಳಿಯುವುದು ಹಾರ್ನಿನಿಂದ ಮಾತ್ರ. ಆ ಹಾರ್ನ್ ಹಾಡಿನಲ್ಲಿ ಮುಳುಗಿದರೆ ಡ್ರೈವರ್ ಗುಂಡಿ ತಪ್ಪಿಸಲು ಬಲಕ್ಕೆ ಎಳೆಯುತ್ತಾನೆ, ಬೈಕಿನವನು ಟ್ರೈಲರಿನ ಗಾಲಿಗೆ ಸಿಗುತ್ತಾನೆ.

ಹಾಡು ಕಿವಿಯ ಜೊತೆಗೆ ಬೆಳಕನ್ನೂ ಕಸಿಯುತ್ತದೆ. ಇದನ್ನು ನನ್ನಂಥ ವೈರಿಂಗಿನವನು ಹೇಳದೆ ಬೇರೆ ಯಾರು ಹೇಳಬೇಕು? ಟ್ರ್ಯಾಕ್ಟರಿನ ಆಲ್ಟರ್ನೇಟರ್ ಸಣ್ಣದು, ಸಾಮಾನ್ಯವಾಗಿ 36 ಆಂಪಿಯರಿನ ಆಸುಪಾಸು. ನಿಜವಾದ ಸಾವಿರ ವ್ಯಾಟಿನ ಆಂಪ್ಲಿಫೈಯರ್ ಪೂರ್ತಿ ದನಿಯಲ್ಲಿ ಬೇಸ್ ಹೊಡೆದಾಗ ನೂರು ಆಂಪಿಯರ್ ಮೀರಿ ಎಳೆಯುತ್ತದೆ. ಕೊರತೆ ಬಿದ್ದದ್ದನ್ನು ಬ್ಯಾಟರಿ ತುಂಬಬೇಕು. ಅದಕ್ಕೇ ಬೇಸಿನ ತಾಳಕ್ಕೆ ಸರಿಯಾಗಿ ಹೆಡ್‌ಲೈಟ್ ಮಂಕಾಗುವುದನ್ನು ನೀವು ರಸ್ತೆಯಲ್ಲಿ ನೋಡಿರುತ್ತೀರಿ. ಬ್ಯಾಟರಿ ಸೋಲುತ್ತ ಬಂದಂತೆ ಹುಡುಗರು ಉಳಿತಾಯ ಶುರುಮಾಡುತ್ತಾರೆ, ಮೊದಲು ಆರುವುದು ಟ್ರೈಲರಿನ ಹಿಂದಿನ ದೀಪ. ಎಷ್ಟೋ ಟ್ರೈಲರ್‌ಗಳಿಗೆ ಆ ದೀಪದ ವೈರೇ ಇರುವುದಿಲ್ಲ. ಕತ್ತಲ ರಸ್ತೆಯಲ್ಲಿ ಮುಂದೆ ಬಣ್ಣ ಬಣ್ಣದ ಎಲ್‌ಇಡಿ, ಹಿಂದೆ ಗುಡ್ಡದಂಥ ಕರಿ ಕಬ್ಬಿನ ರಾಶಿ. ಅದಕ್ಕೆ ಹಿಂದಿನಿಂದ ಗುದ್ದಿ ಸತ್ತವರ ಸುದ್ದಿಯನ್ನು ಇದೇ ಪತ್ರಿಕೆಯಲ್ಲಿ ಪ್ರತಿ ಹಂಗಾಮಿನಲ್ಲೂ ಓದುತ್ತೇವೆ.

ಹುಡುಗರ ಕಡೆಯಿಂದ ಒಂದು ಮಾತಿದೆ, ಅದನ್ನು ಕೇಳಲೇಬೇಕು. ‘ಹಾಡಿಲ್ಲಂದ್ರ ನಿದ್ದಿ ಬರ್ತದ್ರಿ.’ ಸುಳ್ಳಲ್ಲ. ಹಗಲು ಹೊಲದಲ್ಲಿ ಹೇರು, ರಾತ್ರಿ ದಾರಿ, ಕಾರ್ಖಾನೆಯ ಯಾರ್ಡಿನಲ್ಲಿ ತಾಸುಗಟ್ಟಲೆ ಪಾಳಿ. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಇರುವಾಗ ಮಲಗಿದವನಿಗೆ ನಷ್ಟ. ಆದರೆ ಹಾಡು ನಿದ್ದೆಯನ್ನು ಕಳೆಯುವುದಿಲ್ಲ, ಮರೆಸುತ್ತದೆ ಅಷ್ಟೇ. ಸೋತ ಮೈ ಹಾಡಿನ ನಡುವೆಯೂ ಮೂರು ಸೆಕೆಂಡ್ ಕಣ್ಣು ಮುಚ್ಚುತ್ತದೆ. ಒಂದೊಂದು ಹತ್ತು ಟನ್ನಿನ ಹತ್ತಿರ ತೂಗುವ ಎರಡು ಟ್ರೈಲರ್ ಹಿಂದಿರುವಾಗ ಮೂರು ಸೆಕೆಂಡ್ ಬಹಳ ದೊಡ್ಡದು. ಆ ನಿದ್ದೆಗೆ ಮದ್ದು ನಿದ್ದೆಯೇ. ಒಂದು ಗಾಡಿಗೆ ಇಬ್ಬರು ಡ್ರೈವರ್, ಯಾರ್ಡಿನಲ್ಲಿ ಮಲಗಲು ಒಂದು ತಗಡಿನ ಶೆಡ್, ಪಾಳಿ ಬಂದಾಗ ಎಬ್ಬಿಸುವ ಒಬ್ಬ ಮನುಷ್ಯ. ಕೋಟಿಗಟ್ಟಲೆ ವಹಿವಾಟಿನ ಕಾರ್ಖಾನೆಗಳಿಗೆ ಇದು ಹೊರೆಯಲ್ಲ.

ಸೌಂಡ್ ಒಂದನ್ನು ಇಳಿಸಿದರೆ ಟ್ರ್ಯಾಕ್ಟರ್ ಸುರಕ್ಷಿತವಾಯಿತು ಎಂದೂ ನಾನು ಹೇಳುತ್ತಿಲ್ಲ. ಎಡ-ಬಲ ಬ್ರೇಕ್ ಪೆಡಲ್‌ಗಳು ಬೇರೆ ಬೇರೆ ಇರುವುದು ಹೊಲದ ತಿರುವಿಗೆ. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಇಲ್ಲದಿದ್ದರೆ ವೇಗದಲ್ಲಿ ಒಂದನ್ನೇ ತುಳಿದು ಗಾಡಿ ಗರ್ರನೆ ತಿರುಗಿ ಉರುಳುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಹಿಂದಿನ ಟ್ರೈಲರ್‌ಗಳೇ ಮುಂದಿನ ಗಾಡಿಯನ್ನು ದಬ್ಬುತ್ತವೆ. ಹೊರೆಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಅದಕ್ಕಿಂತ ಮೇಲೆ ಕಟ್ಟಿ ಜಗ್ಗಿದರೆ ಮುಂದಿನ ಗಾಲಿ ಏಳುತ್ತದೆ. ಗಾಡಿ ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡ್ ಸಾಕು, ಕ್ಲಚ್ ನೆನಪಾಗುವಷ್ಟರಲ್ಲಿ ಮುಗಿದಿರುತ್ತದೆ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವುದಂತೂ ಬೇಡವೇ ಬೇಡ. ಅಲ್ಲಿಂದ ಜಾರಿದರೆ ಬೀಳುವುದು ದೊಡ್ಡ ಗಾಲಿಯ ಕೆಳಗೇ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಉರುಳಿದರೂ ಡ್ರೈವರನ್ನು ಕಾಯುವ ಕಬ್ಬಿಣದ ಚೌಕಟ್ಟನ್ನು ಕಡ್ಡಾಯ ಮಾಡಿತು. ಮುಂದಿನ ಕೆಲವು ದಶಕಗಳಲ್ಲಿ ಗಾಡಿ ಉರುಳಿ ಸಾಯುವುದು ಅಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮ ಭಾಗದ ಗಾಡಿಗಳ ಮೇಲೆ ಆ ಚೌಕಟ್ಟನ್ನು ಹುಡುಕಿ ನೋಡಬೇಕು. ಹಾರ್ನ್ ಸ್ಪೀಕರ್ ಬಿಗಿಯಲು ಪೈಪಿನ ಸ್ಟ್ಯಾಂಡ್ ಬೆಸೆಸುವವರು ಅದೇ ವೆಲ್ಡಿಂಗ್ ಅಂಗಡಿಯ ಪಕ್ಕದ ಶೋರೂಮಿನಲ್ಲಿ ಕಂಪನಿಯ ಚೌಕಟ್ಟಿನ ಬೆಲೆ ಒಮ್ಮೆಯಾದರೂ ಕೇಳಿ ಬರಲಿ. ಚೌಕಟ್ಟು ಇದ್ದಾಗ ಸೀಟ್ ಬೆಲ್ಟ್ ಹಾಕಲೇಬೇಕು ಎಂಬುದೂ ನೆನಪಿರಲಿ.

ಈಗ ಸೌಂಡ್ ಕೇಳಿ ಬರುವ ಹುಡುಗನಿಗೆ ನಾನು ಒಂದು ಲೆಕ್ಕ ಬರೆದು ತೋರಿಸುತ್ತೇನೆ. ನೀನು ಖರ್ಚು ಮಾಡಲು ಹೊರಟ ದುಡ್ಡಿನ ಕಾಲು ಭಾಗದಲ್ಲಿ ಎರಡೂ ಟ್ರೈಲರಿಗೆ ಬ್ರೇಕ್ ಲೈಟ್, ಇಂಡಿಕೇಟರ್, ಕಿತ್ತುಬರದ ಪ್ಲಗ್ ಇರುವ ವೈರಿಂಗ್, ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಹಾಕಿಕೊಡುತ್ತೇನೆ. ಉಳಿದದ್ದರಲ್ಲಿ ಶಾಫ್ಟಿಗೊಂದು ಕವಚ ತಂದುಕೋ. ಹತ್ತು ಜನರಲ್ಲಿ ಇಬ್ಬರೋ ಮೂವರೋ ಒಪ್ಪುತ್ತಾರೆ. ಉಳಿದವರು ಬೇರೆ ಅಂಗಡಿ ಹುಡುಕುತ್ತಾರೆ. ಅದಕ್ಕೇ ಈ ಮಾತನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳ ನನ್ನ ಕಸುಬಿನ ಬಂಧುಗಳೇ, ನಾವು ಎಲ್ಲರೂ ಕೂಡಿ ಬೇಡ ಎಂದರೆ ಅವನಿಗೆ ಹೋಗಲು ಬೇರೆ ಅಂಗಡಿ ಇರುವುದಿಲ್ಲ. ಕಾರ್ಖಾನೆಯವರೇ, ಹಿಂದಿನ ದೀಪ ಉರಿಯದ ಗಾಡಿಯನ್ನು ತೂಕದ ಕಾಟಾದ ಮೇಲೆ ಹತ್ತಿಸಿಕೊಳ್ಳಬೇಡಿ. ಒಂದೇ ವಾರದಲ್ಲಿ ಎಲ್ಲ ದೀಪಗಳೂ ಉರಿಯುತ್ತವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಸತಿ ಪ್ರದೇಶದಲ್ಲಿ ಸದ್ದು 45 ಡೆಸಿಬಲ್ ಮೀರಬಾರದು ಎನ್ನುವ ನಿಯಮ 2000ದಿಂದಲೇ ಇದೆ. ಪೊಲೀಸರು ಹೊಸ ಆದೇಶಕ್ಕೆ ಕಾಯಬೇಕಿಲ್ಲ.

ನಮ್ಮಪ್ಪನ ಕಾಲದಲ್ಲಿ ಕಬ್ಬು ಚಕ್ಕಡಿಯಲ್ಲಿ ಹೋಗುತ್ತಿತ್ತು. ಎತ್ತಿನ ಕೊರಳಲ್ಲಿ ಗಂಟೆ, ಗಾಡಿಯ ಕೆಳಗೆ ತೂಗುವ ಕಂದೀಲು. ಗಾಡಿ ಬರುತ್ತಿದೆ, ಇಲ್ಲಿದೆ ಎಂದು ದಾರಿಯವರಿಗೆ ತಿಳಿಸುವಷ್ಟು ಸದ್ದು, ಅಷ್ಟು ಬೆಳಕು. ಗಾಡಿ ಹೊಡೆಯುವವನ ಕಿವಿ ಮಾತ್ರ ಖಾಲಿ ಇರುತ್ತಿತ್ತು.

ಆ ಘಟನೆಯ ಮರುದಿನವೇ ಅಣ್ಣನ ಮಗ ತನ್ನ ಗಾಡಿಯ ಸ್ಪೀಕರ್‌ಗಳನ್ನು ಬಿಚ್ಚಿ ತಂದು ನನ್ನ ಅಂಗಡಿಯ ಮೂಲೆಯಲ್ಲಿಟ್ಟ. ಅವು ಇನ್ನೂ ಅಲ್ಲೇ ಇವೆ. ಮಾರಲು ನನಗೆ ಮನಸ್ಸಾಗಿಲ್ಲ. ಮೊನ್ನೆ ರಾತ್ರಿ ಅವನು ಫೋನ್ ಮಾಡಿದ. ಹೇರು ಹೊತ್ತು ಹೋಗುವಾಗ ಹಿಂದಿನ ಟ್ರೈಲರಿನಿಂದ ಕಿರ್ ಎನ್ನುವ ಸದ್ದು ಬಂತಂತೆ. ನಿಲ್ಲಿಸಿ ನೋಡಿದರೆ ಎಡಗಾಲಿಯ ಬೇರಿಂಗ್ ಒಡೆದು ಗಾಲಿ ಅಲುಗಾಡುತ್ತಿತ್ತು. ಇನ್ನು ಸ್ವಲ್ಪ ದೂರದಲ್ಲಿ ಘಟಪ್ರಭೆಯ ಸೇತುವೆ. ‘ಕಾಕಾ, ಸದ್ದು ಕೇಳಿಸ್ತು, ನಿಲ್ಲಿಸಿದೆ’ ಎಂದ. ನಾನು ಬೇರಿಂಗ್ ಹಿಡಿದುಕೊಂಡು ಬೈಕ್ ಹತ್ತಿದೆ. ದೂರದಿಂದಲೇ ಅವನ ಗಾಡಿ ಕಂಡಿತು. ಹಿಂದೆ ಎರಡು ಕೆಂಪು ದೀಪ ಉರಿಯುತ್ತಿದ್ದವು.